ಕಣ್ಣಿಲ್ಲದೆ ಕಡಲನ್ನು ಕಂಡ ರುಂಫಿಯಸ್

ಇಂಡೋನೇಷ್ಯಾದ ಪೂರ್ವಭಾಗದಲ್ಲಿ ಲವಂಗ, ಜಾಯಿಕಾಯಿಗಳಿಗೆ ಹೆಸರಾದ ಮಲುಕು ದ್ವೀಪಸಮೂಹವಿದೆ. ಅಲ್ಲಿನ ಪುಟ್ಟ ದ್ವೀಪ ಅಂಬೋನ್. ಜಗತ್ತಿನಲ್ಲಿ ಈವರೆಗೆ ಗುರುತಿಸಲಾದ ಹವಳ ಪ್ರಭೇದಗಳ ಸುಮಾರು ಮುಕ್ಕಾಲು ಪಾಲು ನೆಲೆಸಿರುವ 'ಹವಳ ತ್ರಿಕೋನ'ದ ಒಳಗೇ ಈ ದ್ವೀಪ ಸೇರಿದೆ. ಈ ಕಡಲಿನ ಜೀವರಾಶಿಯನ್ನು ಮೊಟ್ಟಮೊದಲು ವ್ಯವಸ್ಥಿತವಾಗಿ ದಾಖಲಿಸಿದ ಕೀರ್ತಿ ಗೇಯೋರ್ಗ್ ಎಬರ್‌ಹಾರ್ಡ್ ರುಂಫಿಯಸ್ ಅವರಿಗೆ ಸಲ್ಲುತ್ತದೆ. ಅವರ ಬಾಳಿನ ಕೊನೆಯ 32 ವರ್ಷಗಳು ಸಂಪೂರ್ಣ ಅಂಧತ್ವದಲ್ಲಿ ಕಳೆದವು ಎಂಬುದು ಈ ಸಾಧನೆಯನ್ನು ಇನ್ನಷ್ಟು ಎತ್ತರಕ್ಕೆ ಏರಿಸುತ್ತದೆ.

ಸುಮಾರು 1627ರಲ್ಲಿ ಜರ್ಮನಿಯ ಹೆಸ್ಸೆ ಪ್ರಾಂತ್ಯದಲ್ಲಿ ಜನಿಸಿದ ರುಂಫಿಯಸ್, ಡಚ್ ಈಸ್ಟ್ ಇಂಡಿಯಾ ಕಂಪೆನಿಯ ಸೈನ್ಯಕ್ಕೆ ಸೇರಿ 1652ರ ಕೊನೆಯಲ್ಲಿ ಪೂರ್ವದತ್ತ ಹಡಗು ಹತ್ತಿದರು. ಬಟಾವಿಯಾ ಮೂಲಕ ಅಂಬೋನ್ ತಲುಪಿದ ಅವರು ಮತ್ತೆಂದೂ ಯೂರೋಪಿಗೆ ಮರಳಲಿಲ್ಲ. 1657ರಲ್ಲಿ ಸೈನಿಕ ವೃತ್ತಿಯನ್ನು ಬಿಟ್ಟು ಕಂಪೆನಿಯ ವ್ಯಾಪಾರ ವಿಭಾಗಕ್ಕೆ ವರ್ಗವಾದರು. ದ್ವೀಪದ ಹಿತು ಭಾಗದ ಕರಾವಳಿಯಲ್ಲಿ ಅಧಿಕಾರಿಯಾಗಿದ್ದಾಗ, ಕಚೇರಿಯ ಲೆಕ್ಕಪತ್ರಗಳ ನಡುವೆಯೇ ಗಿಡಮರಗಳು, ಶಂಖ, ಚಿಪ್ಪು, ಏಡಿಗಳ ಅಧ್ಯಯನ ಆರಂಭವಾಯಿತು.

ವಿಧಿ ಮಾತ್ರ ಅವರ ಮೇಲೆ ಮುನಿದಿತ್ತು. 1670ರಲ್ಲಿ ಅವರ ದೃಷ್ಟಿ ಹೋಯಿತು. ಲ್ಯಾಟಿನ್ ಭಾಷೆಯಲ್ಲಿ ಆರಂಭಿಸಿದ್ದ ಗ್ರಂಥವನ್ನು, ಬರೆದುಕೊಳ್ಳುವವರಿಗೆ ಆ ಭಾಷೆ ಬಾರದ ಕಾರಣ, ಡಚ್ ಭಾಷೆಯಲ್ಲಿ ಹೊಸದಾಗಿ ಹೇಳಿ ಬರೆಸಬೇಕಾಯಿತು. 1674ರ ಫೆಬ್ರವರಿ 17ರಂದು, ಚೀನೀ ಹೊಸವರ್ಷದ ಸಂಭ್ರಮದ ಸಂಜೆ, ಭೀಕರ ಭೂಕಂಪ ಸಂಭವಿಸಿ ಪತ್ನಿ ಸುಸಾನಾ ಮತ್ತು ಮಗಳು ಕುಸಿದ ಗೋಡೆಗೆ ಬಲಿಯಾದರು. ಹಿಂದೆಯೇ ನುಗ್ಗಿದ ಕಡಲ ಅಲೆಗಳು ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಆಹುತಿ ತೆಗೆದುಕೊಂಡವು. ಆ ದುರಂತದ ಕುರಿತು ರುಂಫಿಯಸ್ ಸಿದ್ಧಪಡಿಸಿದ ವಿವರ ಆ ಭಾಗದ ಸುನಾಮಿಯ ಅತ್ಯಂತ ಹಳೆಯ ಸವಿವರ ದಾಖಲೆಗಳಲ್ಲೊಂದು. ಬಿಳಿಯ ಹೂಬಿಡುವ ಆರ್ಕಿಡ್ ಒಂದಕ್ಕೆ ಪತ್ನಿಯ ಹೆಸರನ್ನಿಟ್ಟು ಅವರು ಆಕೆಯ ನೆನಪನ್ನು ಉಳಿಸಿದರು.

ಕಷ್ಟಗಳ ಸರಮಾಲೆ ಅಲ್ಲಿಗೇ ನಿಲ್ಲಲಿಲ್ಲ. 1687ರ ಜನವರಿಯಲ್ಲಿ ಅಂಬೋನ್ ಪಟ್ಟಣಕ್ಕೆ ಬೆಂಕಿ ಬಿದ್ದು ಪುಸ್ತಕಗಳು, ಹಸ್ತಪ್ರತಿಗಳು, ಮೂಲಚಿತ್ರಗಳು ಸುಟ್ಟುಹೋದವು. ಮಗ ಮತ್ತು ಇತರ ಸಹಾಯಕರ ನೆರವಿನಿಂದ ಚಿತ್ರಗಳನ್ನು ಮತ್ತೆ ಬರೆಸಲಾಯಿತು. ಸಸ್ಯಗ್ರಂಥದ ಮೊದಲ ಭಾಗವನ್ನು ಹೊತ್ತ ಹಡಗು 1692ರಲ್ಲಿ ಫ್ರೆಂಚರ ದಾಳಿಗೆ ಸಿಕ್ಕಿ ಮುಳುಗಿತು. ಗವರ್ನರ್ ಜನರಲ್ ಕಾಂಫೌಸ್ ಬಟಾವಿಯಾದಲ್ಲಿ ಒಂದು ಪ್ರತಿ ಮಾಡಿಸಿಟ್ಟುಕೊಂಡಿದ್ದರಿಂದ ಆ ಶ್ರಮ ನೀರುಪಾಲಾಗುವುದು ತಪ್ಪಿತು. ಹಾಲೆಂಡ್ ತಲುಪಿದ ಗ್ರಂಥವನ್ನು ಕಂಪೆನಿ ವ್ಯಾಪಾರ ರಹಸ್ಯದ ಭಯದಿಂದ ಬಚ್ಚಿಟ್ಟಿತು; ಅದು ಅಚ್ಚಾಗತೊಡಗಿದ್ದು 1741ರಲ್ಲಿ.

ಕಡಲ ಜೀವಿಗಳ ಗ್ರಂಥ 'ಅಂಬೋನಿನ ಕೌತುಕಗಳ ಕೋಣೆ' ಆಮ್‌ಸ್ಟರ್‌ಡಾಮಿನಲ್ಲಿ 1705ರಲ್ಲಿ ಪ್ರಕಟವಾಯಿತು. ಆ ವೇಳೆಗೆ ರುಂಫಿಯಸ್ ತೀರಿಕೊಂಡು ಮೂರು ವರ್ಷ ಕಳೆದಿತ್ತು. ಮೊದಲ ಭಾಗದಲ್ಲಿ ಏಡಿ, ಸೀಗಡಿ, ನಕ್ಷತ್ರಮೀನುಗಳು. ಎರಡನೆಯದರಲ್ಲಿ ಶಂಖ, ಚಿಪ್ಪುಗಳು. ಮೂರನೆಯದರಲ್ಲಿ ಖನಿಜ, ಶಿಲೆಗಳು. ಯೂರೋಪಿನ ಶ್ರೀಮಂತರಿಗೆ ನಾಟಿಲಸ್ ಎಂದರೆ ಬೆಳ್ಳಿಯ ಕಟ್ಟು ಹಾಕಿಸಿದ ಬಟ್ಟಲು ಮಾತ್ರವಾಗಿತ್ತು. ಆ ಚಿಪ್ಪಿನೊಳಗೆ ಬಾಳುವ ಪ್ರಾಣಿಯ ರೂಪ, ಅದು ತೆವಳುವ ಬಗೆ, ಬೆಸ್ತರ ಕೂಳಿಗೆ ಅದು ಬೀಳುವ ಪರಿ ಇವೆಲ್ಲವನ್ನೂ ತಿಳಿಸಿದವರು ರುಂಫಿಯಸ್. ಮಳೆಗಾಲಕ್ಕೆ ಮೊದಲು, ಹುಣ್ಣಿಮೆ ಕಳೆದ ಕೆಲವೇ ಸಂಜೆಗಳಲ್ಲಿ ಸಂತಾನೋತ್ಪತ್ತಿಗಾಗಿ ಮೇಲೆದ್ದು ಬರುವ 'ವಾವೊ' ಎಂಬ ಕಡಲ ಹುಳುಗಳ ವಿವರವೂ ಅಲ್ಲಿದೆ. ಅಂಬೋನಿನ ಜನ ಇಂದಿಗೂ ಆ ಹುಳುಗಳನ್ನು ಆಹಾರಕ್ಕಾಗಿ ಬಾಚುತ್ತಾರೆ.

ಈ ವಿವರಗಳು ಕೇವಲ ಅವರ ಬುದ್ಧಿಯಿಂದ ಮೂಡಿದವಲ್ಲ. ಬೆಸ್ತರು, ಹೆಂಗಸರು, ದ್ವೀಪದ ಹಿರಿಯರು ಹೇಳಿದ್ದನ್ನು ಆಲಿಸಿ, ಜೀವಿಗಳಿಗೆ ಸ್ಥಳೀಯರಿಟ್ಟ ಮಲಯ್ ಹಾಗೂ ಅಂಬೋನಿ ಹೆಸರುಗಳನ್ನು ಅವರು ಗ್ರಂಥದಲ್ಲಿ ಉಳಿಸಿದರು. ಮಲಬಾರಿನ ಸಸ್ಯಗಳ ಗ್ರಂಥ ರಚನೆಯಲ್ಲಿ ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಸ್ಥಳೀಯ ವೈದ್ಯರ ಜ್ಞಾನವನ್ನು ನೆಚ್ಚಿದ್ದೂ ಇದೇ ಕಾಲದಲ್ಲಿ. ಮುಂದೆ ಜೀವಿಗಳಿಗೆ ಶಾಸ್ತ್ರೀಯ ಹೆಸರು ನೀಡಿದ ಲಿನೇಯಸ್, ಅನೇಕ ಶಂಖಗಳ ವಿಷಯದಲ್ಲಿ ರುಂಫಿಯಸ್ ಗ್ರಂಥದ ಚಿತ್ರಗಳನ್ನೇ ಆಧಾರವಾಗಿ ಉಲ್ಲೇಖಿಸಿದರು.

ಇಂದು ಆ ಗ್ರಂಥಕ್ಕೆ ಮತ್ತೊಂದು ಬೆಲೆ ಬಂದಿದೆ. ಕಡಲು ಏನನ್ನು ಕಳೆದುಕೊಂಡಿದೆ ಎಂದು ತಿಳಿಯಲು ಹಿಂದೆ ಏನಿತ್ತು ಎಂಬ ಲೆಕ್ಕ ಬೇಕು. ಅಂತಹ ಮುನ್ನೂರು ವರ್ಷ ಹಳೆಯ ಲೆಕ್ಕ ಉಷ್ಣವಲಯದ ಬಹುತೇಕ ಕಡಲುಗಳಿಗಿಲ್ಲ, ಅಂಬೋನಿಗಿದೆ. 1990ರಲ್ಲಿ ನೆದರ್‌ಲೆಂಡಿನ ವಿಜ್ಞಾನಿಗಳು ರುಂಫಿಯಸ್ ಹೆಸರಿನಲ್ಲೇ ಯಾತ್ರೆ ಕೈಗೊಂಡು ಅವರು ವರ್ಣಿಸಿದ ಜೀವಿಗಳನ್ನು ಅದೇ ನೀರಿನಲ್ಲಿ ಹುಡುಕಿದರು. ಅಂಬೋನ್ ಕೊಲ್ಲಿಯನ್ನು ಈಗ ಪ್ಲಾಸ್ಟಿಕ್ ಕಸ ಹಾಗೂ ಹೂಳು ಕಾಡುತ್ತಿವೆ. ಪ್ರಾಯಕ್ಕೆ ಬರಲು ಹತ್ತಕ್ಕೂ ಹೆಚ್ಚು ವರ್ಷ ಹಿಡಿಯುವ ನಾಟಿಲಸ್ ಚಿಪ್ಪಿನ ವ್ಯಾಪಾರಕ್ಕೆ ಸಿಕ್ಕಿ ಕುಗ್ಗಿದಾಗ, ಅದರ ಅಂತರರಾಷ್ಟ್ರೀಯ ಮಾರಾಟವನ್ನು ನಿಯಂತ್ರಿಸುವ ನಿರ್ಧಾರ 2016ರಲ್ಲಿ ಸೈಟಿಸ್ ಒಪ್ಪಂದದಡಿ ಆಯಿತು.

ರುಂಫಿಯಸ್ 1702ರ ಜೂನ್ 15ರಂದು ಅಂಬೋನಿನಲ್ಲೇ ಕೊನೆಯುಸಿರೆಳೆದರು. ಅಚ್ಚಾದ ತಮ್ಮ ಗ್ರಂಥಗಳಲ್ಲಿ ಒಂದನ್ನೂ ಅವರು ಕೈಯಲ್ಲಿ ಹಿಡಿಯಲಿಲ್ಲ. ಕಣ್ಣಿದ್ದವರು ಕಡಲನ್ನು ಬರಿದು ಮಾಡುತ್ತಿರುವ ಈ ಕಾಲದಲ್ಲಿ, ಕಣ್ಣಿಲ್ಲದ ಒಬ್ಬರು ಬರೆಸಿಟ್ಟ ಆ ಪಟ್ಟಿಯೇ ಅದನ್ನು ಕಾಯಲು ಹೊರಟವರ ಕೈದೀಪವಾಗಿದೆ.