ಕುಲುಮೆಯಿಂದ ಓಟದ ಕಣಕ್ಕೆ

ಕಲಬುರಗಿಯಿಂದ ಕಮಲಾಪುರದತ್ತ ಸಾಗುವ ಹೆದ್ದಾರಿಯಲ್ಲಾಗಲಿ, ನಂದೂರಿನ ಹಾದಿಯಲ್ಲಾಗಲಿ ಸ್ವಲ್ಪ ಹೊತ್ತು ನಿಂತು ನೋಡಿದರೆ, ಹೋಂಡಾ ಎಂಬ ಹೆಸರನ್ನು ಹೊತ್ತ ವಾಹನವೊಂದು ಕಣ್ಣಮುಂದೆ ಹಾದುಹೋಗದೆ ಇರದು. ನಮ್ಮ ರಾಜ್ಯದ ಕೋಲಾರ ಜಿಲ್ಲೆಯ ನರಸಾಪುರದಲ್ಲಿಯೇ ಆ ಹೆಸರಿನ ದ್ವಿಚಕ್ರ ವಾಹನಗಳ ಕಾರ್ಖಾನೆಯು 2013ರಲ್ಲಿ ಆರಂಭವಾಯಿತು. ಹೋಂಡಾ ಎಂಬುದು ಒಂದು ದೊಡ್ಡ ಸಂಸ್ಥೆಯ ಹೆಸರೆಂದು ಎಲ್ಲರೂ ಬಲ್ಲರು. ಆದರೆ ಅದು ಮೊದಲು ಒಬ್ಬ ಮನುಷ್ಯನ ಹೆಸರಾಗಿತ್ತೆಂಬುದನ್ನೂ, ಆ ಮನುಷ್ಯನು ಹಳ್ಳಿಯ ಕಮ್ಮಾರನ ಮಗನಾಗಿದ್ದನೆಂಬುದನ್ನೂ ಬಲ್ಲವರು ಕಡಿಮೆ.

ಸೊಯಿಚಿರೊ ಹೋಂಡಾ 1906ರ ನವೆಂಬರ್ 17ರಂದು ಜಪಾನಿನ ಷಿಜುವೋಕಾ ಪ್ರಾಂತದ ಕೋಮ್ಯೊ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆ ಗಿಹೆಯಿ ಕಮ್ಮಾರ; ತಾಯಿ ಮಿಕಾ ನೇಯ್ಗೆಯಲ್ಲಿ ನಿಪುಣೆ. ತಂದೆಯು ಹಳೆಯ ಬೈಸಿಕಲ್ಲುಗಳನ್ನೂ ದುರಸ್ತಿ ಮಾಡುತ್ತಿದ್ದನು. ಕುಲುಮೆಯ ಬೆಂಕಿ, ಸುತ್ತಿಗೆಯ ಸದ್ದುಗಳ ನಡುವೆ ಬೆಳೆದ ಬಾಲಕನಿಗೆ ಶಾಲೆಯ ಪುಸ್ತಕಗಳಿಗಿಂತ ಕಬ್ಬಿಣದ ತುಂಡುಗಳೇ ಹೆಚ್ಚು ಪ್ರಿಯವಾಗಿದ್ದವು. ಒಮ್ಮೆ ಆ ಹಳ್ಳಿಗೆ ಮೋಟಾರು ಕಾರೊಂದು ಬಂದಿತು. ಸೊಯಿಚಿರೊ ಅದರ ಹಿಂದೆಯೇ ಓಡಿದನು. ಕಾರಿನಿಂದ ನೆಲಕ್ಕೆ ತೊಟ್ಟಿಕ್ಕಿದ ಎಣ್ಣೆಯ ವಾಸನೆಯು ಅವನನ್ನು ಮರುಳುಗೊಳಿಸಿತು. ಆ ಮರುಳು ಜೀವಮಾನವಿಡೀ ಅವನನ್ನು ಬಿಡಲಿಲ್ಲ.

1922ರಲ್ಲಿ, ಇನ್ನೂ ಹದಿನಾರು ತುಂಬದ ಸೊಯಿಚಿರೊ ಟೋಕಿಯೋ ನಗರಕ್ಕೆ ಹೋಗಿ ಆರ್ಟ್ ಷೋಕಾಯಿ ಎಂಬ ಮೋಟಾರು ದುರಸ್ತಿಯ ಅಂಗಡಿಯನ್ನು ಸೇರಿದನು. ಯಂತ್ರಗಳನ್ನು ಬಿಚ್ಚುವ ಕನಸು ಕಟ್ಟಿಕೊಂಡು ಬಂದವನಿಗೆ ದೊರೆತ ಮೊದಲ ಕೆಲಸವೆಂದರೆ ಯಜಮಾನ ಯೂಜೊ ಸಕಾಕಿಬಾರನ ಮಗುವನ್ನು ಆಡಿಸುವುದು ಮತ್ತು ನೆಲವನ್ನು ಗುಡಿಸುವುದು! ನಿರಾಶೆಯಿಂದ ಊರಿಗೆ ಮರಳುವ ಯೋಚನೆಯೂ ಅವನಿಗೆ ಬಂದಿತು. ಆದರೂ ಸಹನೆಯಿಂದ ಉಳಿದನು. ಮಗುವನ್ನು ಆಡಿಸುತ್ತಲೇ ಕೆಲಸಗಾರರ ಕೈಚಳಕವನ್ನು ಗಮನಿಸಿದನು. 1923ರ ಸೆಪ್ಟೆಂಬರ್ 1ರಂದು ಟೋಕಿಯೋ ನಗರವನ್ನು ಭೀಕರ ಭೂಕಂಪವು ನಡುಗಿಸಿತು. ಹಿಂದೆಯೇ ಬೆಂಕಿ ಹಬ್ಬಿ ಅಂಗಡಿಯೂ ಸುಟ್ಟುಹೋಯಿತು. ಹಲವರು ಅಂಗಡಿಯನ್ನು ಬಿಟ್ಟು ಹೋದರೂ ಸೊಯಿಚಿರೊ ಯಜಮಾನನ ಜೊತೆಯಲ್ಲಿಯೇ ನಿಂತನು.

ಸಕಾಕಿಬಾರನಿಗೆ ಓಟದ ಕಾರುಗಳೆಂದರೆ ಬಲು ಆಸೆ. ಅವನು ಕರ್ಟಿಸ್ ವಿಮಾನವೊಂದರ ಹಳೆಯ ಎಂಜಿನನ್ನು ಅಮೆರಿಕದ ಮಿಚೆಲ್ ಕಾರಿನ ಚೌಕಟ್ಟಿನಲ್ಲಿ ಕೂರಿಸಲು ನಿಶ್ಚಯಿಸಿದನು. ಎಂಟು ಸಿಲಿಂಡರುಗಳು, ಎಂಟು ಲೀಟರಿಗೂ ಮೀರಿದ ಒಟ್ಟು ಗಾತ್ರ: ಆಕಾಶದಲ್ಲಿ ಹಾರಲೆಂದು ಹುಟ್ಟಿದ ಆ ಯಂತ್ರವನ್ನು ನೆಲದಲ್ಲಿ ಓಡಿಸಬೇಕಾಗಿತ್ತು. ಹಳೆಯ ಎಂಜಿನನ್ನು ಪುನಃ ಕಟ್ಟುವುದು ತಾಳ್ಮೆಯ ಕಾರ್ಯ. ಅದನ್ನು ಪೂರ್ತಿಯಾಗಿ ಬಿಚ್ಚಿ, ಒಂದೊಂದು ಭಾಗವನ್ನೂ ತೊಳೆದು, ಸವೆತವನ್ನು ಅಳೆದು ನೋಡಬೇಕು. ಕವಾಟಗಳು ತಮ್ಮ ಪೀಠದ ಮೇಲೆ ಸಂದಿಲ್ಲದಂತೆ ಕೂರಬೇಕು. ತಿರುಗುವ ದಂಡವು ಬೇರಿಂಗುಗಳಲ್ಲಿ ಬಿಗಿಯಾಗದೆ, ಸಡಿಲವೂ ಆಗದೆ ಸುತ್ತಬೇಕು. ಕೂದಲೆಳೆಯಷ್ಟು ತಪ್ಪಿದರೂ ಎಂಜಿನು ತನ್ನ ತಾಪದಿಂದ ತಾನೇ ಹಾಳಾಗುತ್ತದೆ. ಹೊಗಳಿಕೆಗೂ ಬೆದರಿಕೆಗೂ ಮಣಿಯದ ಗುರು ಅದು. ಹಗಲಿನ ದುರಸ್ತಿ ಕೆಲಸ ಮುಗಿದ ಮೇಲೆ ಸೊಯಿಚಿರೊ ಆ ಗುರುವಿನ ಮುಂದೆ ಕುಳಿತನು. 1924ರ ನವೆಂಬರ್ ತಿಂಗಳಲ್ಲಿ ನಡೆದ ಜಪಾನ್ ಮೋಟಾರು ಸ್ಪರ್ಧೆಯಲ್ಲಿ ಯಜಮಾನನ ತಮ್ಮನು ಆ ಕಾರನ್ನು ಓಡಿಸಿದನು. ಪಕ್ಕದಲ್ಲಿ ಮೆಕ್ಯಾನಿಕ್ ಆಗಿ ಸೊಯಿಚಿರೊ ಕುಳಿತಿದ್ದನು. ಕಾರು ಮೊದಲನೆಯದಾಗಿ ಬಂದಿತು.

1928ರಲ್ಲಿ ಅವನು ಹಮಾಮಾತ್ಸು ನಗರದಲ್ಲಿ ಆರ್ಟ್ ಷೋಕಾಯಿಯ ಶಾಖೆಯೊಂದನ್ನು ತೆರೆದನು. ಕಾರಿನ ಚಕ್ರಗಳಿಗೆ ಮರದ ಕಡ್ಡಿಗಳ ಬದಲು ಎರಕದ ಕಬ್ಬಿಣದ ಕಡ್ಡಿಗಳನ್ನು ರೂಪಿಸಿ ಸನ್ನದನ್ನು ಪಡೆದನು. ಹಣವೂ ಹೆಸರೂ ಬಂದವು. ಓಟದ ಹುಚ್ಚು ಮಾತ್ರ ಇಳಿಯಲಿಲ್ಲ. ಫೋರ್ಡ್ ಎಂಜಿನನ್ನು ತಿದ್ದಿ ಕಟ್ಟಿದ ತನ್ನದೇ ಕಾರಿನಲ್ಲಿ 1936ರ ಜೂನ್ ತಿಂಗಳಲ್ಲಿ ತಮಾಗಾವಾ ಓಟದ ಕಣಕ್ಕೆ ಇಳಿದನು. ಪಕ್ಕದಲ್ಲಿ ತಮ್ಮ ಬೆಂಜಿರೊ ಇದ್ದನು. ಅಡ್ಡಬಂದ ಮತ್ತೊಂದು ಕಾರಿಗೆ ಇವರ ಕಾರು ಅಪ್ಪಳಿಸಿ ಉರುಳಿತು. ಅಣ್ಣತಮ್ಮಂದಿರಿಬ್ಬರೂ ಗಾಯಗೊಂಡು ಬದುಕಿ ಉಳಿದರು.

ಬಳಿಕ ಅವನು ಪಿಸ್ಟನ್ ಉಂಗುರಗಳ ತಯಾರಿಕೆಗೆ ಕೈಹಾಕಿದನು. ಸಿಲಿಂಡರಿನೊಳಗೆ ಮೇಲೆ ಕೆಳಗೆ ಚಲಿಸುವ ಪಿಸ್ಟನ್ನಿನ ಸುತ್ತ ತೊಡಿಸುವ ಲೋಹದ ಬಳೆಗಳೇ ಈ ಉಂಗುರಗಳು. ಉರಿದ ಅನಿಲವು ಕೆಳಗೆ ಸೋರದಂತೆ, ಎಣ್ಣೆಯು ಮೇಲಕ್ಕೆ ನುಗ್ಗದಂತೆ ಇವು ತಡೆಯುತ್ತವೆ. ನೋಡಲು ಅಲ್ಪ ವಸ್ತು. ಇದು ಕೆಟ್ಟರೆ ಇಡೀ ಎಂಜಿನೇ ನಿಶ್ಶಕ್ತ. ಸೊಯಿಚಿರೊ ಎರಕ ಹೊಯ್ದ ಉಂಗುರಗಳು ಒಂದಾದ ಮೇಲೊಂದರಂತೆ ವಿಫಲವಾದವು. ರಾತ್ರಿ ಹಗಲು ದುಡಿದರೂ ಫಲ ದೊರೆಯಲಿಲ್ಲ. ಕೂಡಿಟ್ಟ ಹಣ ಕರಗಿತು. ಕೈಗೆ ಕಸುಬು ಗೊತ್ತಿತ್ತು. ಲೋಹದ ಶಾಸ್ತ್ರ ಗೊತ್ತಿರಲಿಲ್ಲ. ಇದನ್ನು ಅವನು ನಾಚದೆ ಒಪ್ಪಿಕೊಂಡನು. ಹೆಸರುವಾಸಿಯಾದ ಯಜಮಾನನು ಮೂವತ್ತು ದಾಟಿದ ವಯಸ್ಸಿನಲ್ಲಿ ಹಮಾಮಾತ್ಸುವಿನ ತಾಂತ್ರಿಕ ವಿದ್ಯಾಲಯವನ್ನು ಸೇರಿ, ತನಗಿಂತ ಬಹಳ ಚಿಕ್ಕವರೊಡನೆ ಬೆಂಚಿನ ಮೇಲೆ ಕುಳಿತನು. ತನ್ನ ಉಂಗುರಗಳಲ್ಲಿ ಸಿಲಿಕಾನ್ ಅಂಶವು ಸಾಲದೆಂಬುದು ಅವನಿಗೆ ತಿಳಿಯಿತು. ಅಷ್ಟಾದರೂ ದಾರಿ ಸುಗಮವಾಗಲಿಲ್ಲ. ಟೊಯೋಟಾ ಸಂಸ್ಥೆಯ ಪರೀಕ್ಷೆಗೆ ಕಳುಹಿಸಿದ 50 ಉಂಗುರಗಳಲ್ಲಿ ತೇರ್ಗಡೆಯಾದವು ಕೇವಲ 3. ಅವನು ಕೈಚೆಲ್ಲದೆ ಇತರ ಕಾರ್ಖಾನೆಗಳನ್ನು ಸುತ್ತಿ ಕಲಿತು ಕೊನೆಗೆ ಒಳ್ಳೆಯ ಉಂಗುರಗಳನ್ನು ತಯಾರಿಸಿದನು. ಪರೀಕ್ಷೆಗಳನ್ನು ಬರೆಯದ ಕಾರಣ ವಿದ್ಯಾಲಯದ ಪದವಿ ಮಾತ್ರ ಅವನಿಗೆ ದೊರೆಯಲಿಲ್ಲ.

ಎರಡನೆಯ ಮಹಾಯುದ್ಧದ ಬಾಂಬುಗಳು ಹಾಗೂ 1945ರ ಭೂಕಂಪ ಅವನ ಕಾರ್ಖಾನೆಯನ್ನು ಧ್ವಂಸಗೊಳಿಸಿದವು. ಉಳಿದುದನ್ನು ಟೊಯೋಟಾ ಸಂಸ್ಥೆಗೆ ಮಾರಿ ಅವನು ಮತ್ತೆ ಮೊದಲಿನಿಂದ ತೊಡಗಿದನು. ಸೋತ ದೇಶದಲ್ಲಿ ವಾಹನಗಳಿಗೆ ಬರ. ಸೇನೆಯ ನಿಸ್ತಂತು ಯಂತ್ರಗಳಿಗೆ ವಿದ್ಯುತ್ತನ್ನು ಒದಗಿಸುತ್ತಿದ್ದ ಚಿಕ್ಕ ಎಂಜಿನುಗಳು ಅವನ ಕಣ್ಣಿಗೆ ಬಿದ್ದವು. 1946ರಲ್ಲಿ ಅವುಗಳನ್ನು ತಿದ್ದಿ ಬೈಸಿಕಲ್ಲುಗಳಿಗೆ ಜೋಡಿಸಿದನು. ಮೊದಲ ಬೈಸಿಕಲ್ಲಿಗೆ ಇಂಧನದ ತೊಟ್ಟಿಯಾದದ್ದು ಚಳಿಗಾಲದಲ್ಲಿ ಹಾಸಿಗೆ ಬೆಚ್ಚಗಿಡುವ ಬಿಸಿನೀರಿನ ಪಾತ್ರೆ! 1948ರಲ್ಲಿ ಹೋಂಡಾ ಮೋಟಾರು ಕಂಪೆನಿಯು ಸ್ಥಾಪನೆಯಾಯಿತು. ಮರುವರ್ಷ ವ್ಯವಹಾರಚತುರನಾದ ತಾಕೆಯೊ ಫುಜಿಸಾವಾ ಅವನ ಜೊತೆಗೂಡಿದನು.

1954ರಲ್ಲಿ ಹೋಂಡಾ, ಬ್ರಿಟನ್ನಿನ ಬಳಿಯ ಮ್ಯಾನ್ ದ್ವೀಪದಲ್ಲಿ ನಡೆಯುವ ಜಗತ್ಪ್ರಸಿದ್ಧ ಮೋಟಾರು ಬೈಕು ಸ್ಪರ್ಧೆಯಲ್ಲಿ ಭಾಗವಹಿಸುವುದಾಗಿ ಸಾರಿದನು. ಅದೇ ವರ್ಷ ಅಲ್ಲಿಗೆ ಹೋಗಿ ನೋಡಿದಾಗ ಅವನ ಎದೆ ಕುಸಿಯಿತು: ಜರ್ಮನಿಯ ಎಂಜಿನುಗಳು ಅಷ್ಟೇ ಗಾತ್ರದ ತನ್ನ ಎಂಜಿನಿಗಿಂತ ಸುಮಾರು ಮೂರು ಪಟ್ಟು ಶಕ್ತಿಯನ್ನು ನೀಡುತ್ತಿದ್ದವು. ಗಾತ್ರವನ್ನು ಹೆಚ್ಚಿಸಲು ನಿಯಮ ಬಿಡದು. ಉಳಿದ ಮಾರ್ಗವೆಂದರೆ ವೇಗವಾಗಿ ಸುತ್ತುವ ಎಂಜಿನು. ಆದರೆ ಸುತ್ತು ಎರಡು ಪಟ್ಟಾದರೆ ಪಿಸ್ಟನ್ನು ಮತ್ತು ದಂಡಗಳ ಮೇಲೆ ಬೀಳುವ ಎಳೆತವು ನಾಲ್ಕು ಪಟ್ಟಾಗುತ್ತದೆ. ಆದಕಾರಣ ದೊಡ್ಡ ಸಿಲಿಂಡರಿನ ಬದಲು ಹಲವು ಚಿಕ್ಕ ಸಿಲಿಂಡರುಗಳು, ಹಗುರವಾದ ಪಿಸ್ಟನ್ನುಗಳು, ಸಿಲಿಂಡರಿಗೆ ನಾಲ್ಕು ಕವಾಟಗಳು ಬೇಕಾದವು. ಉಂಗುರಗಳು ಕಲಿಸಿದ ಪಾಠವು ಇಲ್ಲಿ ಫಲ ನೀಡಿತು.

1959ರಲ್ಲಿ ಮೊದಲ ಬಾರಿ ಸ್ಪರ್ಧಿಸಿದಾಗ ಆರನೆಯ ಸ್ಥಾನ ದೊರೆಯಿತು. 1961ರಲ್ಲಿ ಎರಡು ವರ್ಗಗಳಲ್ಲಿಯೂ ಮೊದಲ ಐದೈದು ಸ್ಥಾನಗಳನ್ನು ಹೋಂಡಾ ಬೈಕುಗಳೇ ಗೆದ್ದುಕೊಂಡವು. 1965ರ ಅಕ್ಟೋಬರ್ 24ರಂದು ಮೆಕ್ಸಿಕೊದಲ್ಲಿ ನಡೆದ ಫಾರ್ಮುಲಾ ಒನ್ ಸ್ಪರ್ಧೆಯಲ್ಲಿ ಹೋಂಡಾ ಕಾರು ಜಯಗಳಿಸಿತು. ಒಂದೂವರೆ ಲೀಟರ್ ಗಾತ್ರದ, ಹನ್ನೆರಡು ಸಿಲಿಂಡರುಗಳ ಆ ಎಂಜಿನು ನಿಮಿಷಕ್ಕೆ 12,000 ಸುತ್ತು, ಎಂದರೆ ಸೆಕೆಂಡಿಗೆ 200 ಸುತ್ತು ತಿರುಗಬಲ್ಲುದಾಗಿತ್ತು. ಅವನು ಬಾಲ್ಯದಲ್ಲಿ ಕೈಹಚ್ಚಿದ ಕರ್ಟಿಸ್ ಎಂಜಿನಾದರೋ ನಿಮಿಷಕ್ಕೆ ಸುಮಾರು 1,400 ಸುತ್ತು ತಿರುಗುತ್ತಿತ್ತು.

ಗೆಲುವು ಮನುಷ್ಯನಲ್ಲಿ ಹಟವನ್ನು ಬೆಳೆಸುತ್ತದೆ. ಎಂಜಿನನ್ನು ನೀರಿನಿಂದಲ್ಲ, ನೇರವಾಗಿ ಗಾಳಿಯಿಂದಲೇ ತಣಿಸಬೇಕೆಂಬುದು ಹೋಂಡಾನ ದೃಢ ನಂಬಿಕೆಯಾಗಿತ್ತು. 1968ರ ಜುಲೈ 7ರಂದು ಫ್ರಾನ್ಸಿನ ರೂವಾನ್ ಸ್ಪರ್ಧೆಯಲ್ಲಿ, ಗಾಳಿಯಿಂದ ತಣಿಯುವ ಎಂಜಿನಿನ ಹೊಸ ಕಾರು ಮಳೆಯಲ್ಲಿ ಅಪಘಾತಕ್ಕೀಡಾಗಿ ಹೊತ್ತಿ ಉರಿಯಿತು; ಚಾಲಕ ಜೊ ಷ್ಲೆಸರ್ ಅಸುನೀಗಿದನು. ಆ ವರ್ಷದ ಕೊನೆಗೆ ಸಂಸ್ಥೆಯು ಫಾರ್ಮುಲಾ ಒನ್ ಕಣದಿಂದ ಹಿಂದೆ ಸರಿಯಿತು. ಕಾರುಗಳ ಹೊಗೆಯನ್ನು ತಗ್ಗಿಸಬೇಕಾದರೆ ನೀರಿನಿಂದ ತಣಿಸುವ ಎಂಜಿನೇ ಬೇಕೆಂದು ಸಂಸ್ಥೆಯ ಯುವ ಎಂಜಿನಿಯರರು ವಾದಿಸಿದರು. ಹೋಂಡಾ ಬಹಳ ಕಾಲ ಒಪ್ಪಲಿಲ್ಲ. ಕೊನೆಗೆ ಫುಜಿಸಾವಾ ಮಧ್ಯೆ ಪ್ರವೇಶಿಸಿ, ನೀನು ಅಧ್ಯಕ್ಷನಾಗಿರುವೆಯೋ ಎಂಜಿನಿಯರನಾಗಿರುವೆಯೋ ಆರಿಸಿಕೋ ಎಂಬ ಅರ್ಥದಲ್ಲಿ ಕೇಳಿದನು. ಹೋಂಡಾ ಮಣಿದನು. ಆ ಯುವಕರು 1972ರಲ್ಲಿ ಪ್ರಕಟಿಸಿದ ಹೊಸ ಎಂಜಿನು, ಅಸಾಧ್ಯವೆಂದು ಇತರರು ಭಾವಿಸಿದ್ದ ಅಮೆರಿಕದ ಹೊಗೆ ನಿಯಮಗಳನ್ನು ಪಾಲಿಸಿ ತೋರಿಸಿತು. ತನ್ನ ಕಾಲ ಮುಗಿಯಿತೆಂದು ಅರಿತ ಅವನು 1973ರಲ್ಲಿ ಫುಜಿಸಾವಾನೊಡನೆ ನಿವೃತ್ತನಾದನು. ಆಗ ಅವನಿಗೆ ಅರವತ್ತಾರು ವರ್ಷ.

1991ರ ಆಗಸ್ಟ್ 5ರಂದು ಹೋಂಡಾ ಮರಣಹೊಂದಿದನು. ತನಗಾಗಿ ಸಂಸ್ಥೆಯ ವತಿಯಿಂದ ದೊಡ್ಡ ಶವಸಂಸ್ಕಾರ ಬೇಡವೆಂದು ಮೊದಲೇ ತಿಳಿಸಿದ್ದನು. ಜನ ಸೇರಿ ರಸ್ತೆಗಳಲ್ಲಿ ವಾಹನಗಳು ಸಿಕ್ಕಿಕೊಂಡರೆ, ವಾಹನಗಳನ್ನು ಮಾಡಿದವನಿಗೆ ಅದು ಶೋಭೆಯಲ್ಲವೆಂಬುದು ಅವನ ಭಾವನೆಯಾಗಿತ್ತು. ಜಪಾನಿನ ಮೊಟೆಗಿಯಲ್ಲಿರುವ ಹೋಂಡಾ ಸಂಗ್ರಹಾಲಯದಲ್ಲಿ ಆ ಹಳೆಯ ಕರ್ಟಿಸ್ ಕಾರನ್ನು ಜೋಪಾನವಾಗಿ ಕಾಪಾಡಲಾಗಿದೆ. ಮಗುವನ್ನು ಆಡಿಸುತ್ತ ಯಂತ್ರವಿದ್ಯೆಯನ್ನು ಕಲಿತ ಹುಡುಗ, ಉಂಗುರವೊಂದು ಸೋಲಿಸಿದಾಗ ಪುನಃ ಶಾಲೆಗೆ ಹೋದ ಯಜಮಾನ, ಕಿರಿಯರ ಮಾತು ಸತ್ಯವೆಂದು ಕಂಡಾಗ ತಲೆಬಾಗಿದ ಹಿರಿಯ, ಈ ಮೂವರೂ ಒಬ್ಬನೇ. ಅರಿಯದುದನ್ನು ಅರಿಯೆನೆಂದು ಒಪ್ಪಿ ಕಲಿಯಲು ತೊಡಗುವ ಧೈರ್ಯವೇ ಅವನ ಬಾಳನ್ನು ಮುನ್ನಡೆಸಿದ ನಿಜವಾದ ಶಕ್ತಿಯಾಗಿತ್ತು.