ಲೆಕ್ಕಕ್ಕೆ ಸಿಕ್ಕಿಬಿದ್ದ ಸಾಮ್ರಾಟ

ಚೀನಾವನ್ನು ಮೊದಲ ಬಾರಿಗೆ ಒಂದೇ ಆಳ್ವಿಕೆಗೆ ತಂದ ಚಿನ್ ಶಿ ಹುವಾಂಗ್ ತೀರಿಕೊಂಡು 2,200 ವರ್ಷಗಳು ಕಳೆದಿವೆ. ಆದರೂ ಈ ಸಾಮ್ರಾಟನಿಗೆ ಬಿಡುವಿಲ್ಲ. ವಿಜ್ಞಾನ ಕಥೆಗಾರ ಲಿಯು ಸಿಶಿನ್ ಅವನನ್ನು ಮತ್ತೆ ಸಿಂಹಾಸನದಲ್ಲಿ ಕೂರಿಸಿ, ಅವನ ಸೈನ್ಯವನ್ನೇ ಕಂಪ್ಯೂಟರ್ ಆಗಿಸಿದ್ದಾರೆ. ವಿಚಿತ್ರವೆನಿಸಿದರೂ ಈ ಕಲ್ಪನೆಗೆ ಬೇಕಾದ ಸಾಮಗ್ರಿಯೆಲ್ಲ ದೊರೆಯ ಬದುಕಿನಲ್ಲೇ ಇತ್ತು.

ಕ್ರಿ.ಪೂ. 259ರಲ್ಲಿ ಅವನು ಹುಟ್ಟಿದ್ದು ಶತ್ರು ರಾಜ್ಯ ಝಾವೊದ ರಾಜಧಾನಿ ಹಾಂದಾನ್‌ನಲ್ಲಿ. ತಂದೆ ಅಲ್ಲಿ ಒತ್ತೆಯಾಳಾಗಿದ್ದ ಚಿನ್ ರಾಜಕುಮಾರ. ಮಗನ ಹೆಸರು ಝೆಂಗ್. 13ನೇ ವಯಸ್ಸಿನಲ್ಲಿ ಪಟ್ಟವೇರಿದಾಗ ಅಧಿಕಾರವಿದ್ದದ್ದು ವರ್ತಕನಾಗಿದ್ದು ಮಂತ್ರಿಯಾದ ಲ್ಯೂ ಬುವೆಯ್ ಕೈಯಲ್ಲಿ. ಪ್ರಾಯಕ್ಕೆ ಬಂದ ಮೇಲೆ ದೊರೆ ಅವನನ್ನು ಪದಚ್ಯುತಗೊಳಿಸಿದ.

ಕ್ರಿ.ಪೂ. 227ರಲ್ಲಿ ಯಾನ್ ರಾಜ್ಯದ ದೂತನಾಗಿ ಜಿಂಗ್ ಕೆ ಆಸ್ಥಾನಕ್ಕೆ ಬಂದ. ಅವನು ತಂದ ನಕ್ಷೆಯ ಸುರುಳಿ ಬಿಚ್ಚುತ್ತಿದ್ದಂತೆ ಒಳಗಿನಿಂದ ವಿಷ ಲೇಪಿಸಿದ ಕಠಾರಿ ಹೊರಬಿತ್ತು. ದೊರೆ ಕಂಬ ಸುತ್ತಿ ಓಡಿದ. ಸೊಂಟದ ಕತ್ತಿ ಎಷ್ಟು ಉದ್ದವಿತ್ತೆಂದರೆ ಒರೆಯಿಂದ ಹೊರಬರಲೇ ಇಲ್ಲ. ಆಸ್ಥಾನಿಕರು ಆಯುಧ ಹಿಡಿಯುವಂತಿರಲಿಲ್ಲ. ವೈದ್ಯನೊಬ್ಬ ಔಷಧದ ಚೀಲವನ್ನೇ ಹಂತಕನತ್ತ ಬೀಸಿ ಎಸೆದ. ಆ ಕ್ಷಣದ ಬಿಡುವಿನಲ್ಲಿ ದೊರೆ ಕತ್ತಿ ಸೆಳೆದು ಜೀವ ಉಳಿಸಿಕೊಂಡ.

ಲಿಯು ಅವರ 'ವೃತ್ತ' ಎಂಬ ಸಣ್ಣಕಥೆ ಈ ಪ್ರಸಂಗವನ್ನೇ ತಿರುಗಿಸುತ್ತದೆ. ಕಥೆಯ ಜಿಂಗ್ ಕೆ ಇರಿಯುವುದಿಲ್ಲ. ಅಮರತ್ವ ಬಯಸುವ ದೊರೆಗೆ, ಆಕಾಶದ ರಹಸ್ಯ ವೃತ್ತದಲ್ಲಿ, ಅಂದರೆ 'ಪೈ' ಸಂಖ್ಯೆಯ ಅಂಕಿಗಳಲ್ಲಿ ಅಡಗಿದೆಯೆಂದು ನಂಬಿಸುತ್ತಾನೆ. ಅದನ್ನು ಗುಣಿಸಲು 30 ಲಕ್ಷ ಸೈನಿಕರು ಬಯಲಿನಲ್ಲಿ ನಿಲ್ಲುತ್ತಾರೆ. ಮೂವರದೊಂದು ಘಟಕ: ಇಬ್ಬರು ಎತ್ತುವ ಬಾವುಟದ ಬಣ್ಣ ನೋಡಿ ಮೂರನೆಯವನು ತನ್ನ ಬಾವುಟ ಎತ್ತಬೇಕು. ಇಂದಿನ ಕಂಪ್ಯೂಟರ್ ಚಿಪ್‌ನ ತತ್ತ್ವವೂ ಇದೇ. ಸೈನ್ಯ ಲೆಕ್ಕದಲ್ಲಿ ಮುಳುಗಿರುವಾಗಲೇ ಯಾನ್ ಪಡೆ ಮೇಲೆರಗುತ್ತದೆ. ಇದೇ ಯಂತ್ರ ಲಿಯು ಅವರ 'ದಿ ತ್ರೀ ಬಾಡಿ ಪ್ರಾಬ್ಲಮ್' ಕಾದಂಬರಿಯಲ್ಲಿಯೂ ಇದೆ. 2006ರಲ್ಲಿ ಧಾರಾವಾಹಿಯಾಗಿ ಬಂದ ಆ ಕೃತಿಗೆ 2015ರಲ್ಲಿ ಹ್ಯೂಗೊ ಪ್ರಶಸ್ತಿ ದೊರೆಯಿತು. ಅಲ್ಲಿ ಸೈನಿಕರ ಸಂಖ್ಯೆ 3 ಕೋಟಿ!

ಬೇರೆ ದೊರೆಯಾಗಿದ್ದರೆ ಈ ಕಥೆ ನಂಬಲು ಕಷ್ಟವಾಗುತ್ತಿತ್ತು. ಕ್ರಿ.ಪೂ. 221ರಲ್ಲಿ ಆರು ರಾಜ್ಯಗಳನ್ನೂ ಗೆದ್ದು ಮುಗಿಸಿದ ಚಿನ್ ಶಿ ಹುವಾಂಗ್, ತೂಕ, ಅಳತೆ, ನಾಣ್ಯ, ಲಿಪಿಗಳನ್ನು ಏಕರೂಪಗೊಳಿಸಿದ. ಬಂಡಿಯ ಎರಡು ಗಾಲಿಗಳ ನಡುವಿನ ಅಂತರವನ್ನೂ ಬಿಡಲಿಲ್ಲ. ಮನುಷ್ಯರನ್ನೂ ಅದೇ ಅಳತೆಗೋಲಿನಲ್ಲಿ ನೋಡಿದ. ಗೋಡೆ, ರಸ್ತೆ, ಸಮಾಧಿಗಳಿಗಾಗಿ ಲಕ್ಷಾಂತರ ಜನ ದುಡಿದರು. ಕ್ರಿ.ಪೂ. 213ರಲ್ಲಿ ಗ್ರಂಥಗಳನ್ನು ಸುಡುವ ಆಜ್ಞೆ ಹೊರಟಿತು.

ಅವನ ಅಮರತ್ವದ ಹಂಬಲವೂ ಕಲ್ಪನೆಯಲ್ಲ. ಸಂಜೀವಿನಿ ತರಲು ಶು ಫು ಎಂಬಾತನನ್ನು ಸಮುದ್ರದಾಚೆ ಕಳುಹಿಸಿದ್ದ. ಕ್ರಿ.ಪೂ. 210ರಲ್ಲಿ, 49ನೇ ವಯಸ್ಸಿನಲ್ಲಿ, ಪ್ರವಾಸದ ನಡುವೆಯೇ ಸಾವು ಬಂತು. ಮಂತ್ರಿ ಲಿ ಸಿ ಸುದ್ದಿಯನ್ನು ಮುಚ್ಚಿಟ್ಟ. ಬೇಸಿಗೆಯಲ್ಲಿ ಶವದ ವಾಸನೆ ಮರೆಸಲು ಉಪ್ಪು ಮೀನು ತುಂಬಿದ ಬಂಡಿಗಳನ್ನು ಜೊತೆಗೆ ಸಾಗಿಸಲಾಯಿತು. ಹತ್ತು ಸಾವಿರ ತಲೆಮಾರು ಆಳಬೇಕಿದ್ದ ವಂಶ ನಾಲ್ಕೇ ವರ್ಷದಲ್ಲಿ ಅಳಿಯಿತು.

1974ರಲ್ಲಿ ಶಿಯಾನ್ ಬಳಿ ಬಾವಿ ತೋಡುತ್ತಿದ್ದ ರೈತರಿಗೆ ಅವನ ಮಣ್ಣಿನ ಸೈನ್ಯ ಸಿಕ್ಕಿತು. ಸಾವಿರಾರು ಯೋಧರು ಸಾಲಾಗಿ ನಿಂತಿದ್ದರು. ಅವರು ಕಾಯುತ್ತಿದ್ದ ಸಮಾಧಿಯ ದಿಬ್ಬದ ಒಳಭಾಗವನ್ನು ಇಂದಿಗೂ ಅಗೆದಿಲ್ಲ.