ಪೆನಿಸಿಲಿನ್ ಕೊಟ್ಟವರೇ ಎಚ್ಚರಿಕೆಯನ್ನೂ ಕೊಟ್ಟಿದ್ದರು: ಅಲೆಕ್ಸಾಂಡರ್ ಫ್ಲೆಮಿಂಗ್ ಬದುಕಿನ ಕಥೆ

ಫ್ಲೆಮಿಂಗ್ ಅಂದ ಕೂಡಲೇ ಬೂಷ್ಟು ಬಿದ್ದ ಗಾಜಿನ ತಟ್ಟೆ ನೆನಪಾಗುತ್ತೆ. ಶಾಲೆ ಪುಸ್ತಕದಲ್ಲಿ ಕಥೆ ಅಲ್ಲಿಗೇ ಮುಗಿಯುತ್ತೆ. ಆದರೆ ಆ ತಟ್ಟೆಯಲ್ಲಿ ಸತ್ತ ಸ್ಟಾಫಿಲೋಕಾಕಸ್ ಬ್ಯಾಕ್ಟೀರಿಯಾ, ಅವರು ಬದುಕಿದ್ದಾಗಲೇ ಅದೇ ಔಷಧಿಗೆ ಜಗ್ಗದಂತಾಯ್ತು. ಇದು ಗೊತ್ತಿರೋರು ಕಮ್ಮಿ.

ಫ್ಲೆಮಿಂಗ್ ಹುಟ್ಟಿದ್ದು 1881ರ ಆಗಸ್ಟ್ 6ರಂದು, ಸ್ಕಾಟ್ಲೆಂಡ್‌ನ ಡಾರ್ವೆಲ್ ಹತ್ತಿರದ ಹೊಲದ ಮನೆಯಲ್ಲಿ. ಏಳು ವರ್ಷದವರಿದ್ದಾಗ ತಂದೆ ತೀರಿಕೊಂಡರು. ಮುಂದೆ ಲಂಡನ್‌ಗೆ ಬಂದು ಹಡಗು ಕಂಪನಿಯೊಂದರಲ್ಲಿ ಗುಮಾಸ್ತರಾದರು. ಸಂಬಂಧಿಕರ ಆಸ್ತಿಯಲ್ಲಿ ಸ್ವಲ್ಪ ಪಾಲು ಬಂತು, ಆ ದುಡ್ಡಲ್ಲಿ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಡಾಕ್ಟರಿಕೆ ಓದಿದರು.

ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್‌ನ ಬೊಲೋನ್‌ನಲ್ಲಿ ಗಾಯಾಳು ಸೈನಿಕರ ನಡುವೆ ಕೆಲಸ. ಆಳದ ಗಾಯಕ್ಕೆ ಸುರಿಯುತ್ತಿದ್ದ ಔಷಧಿ ರೋಗಾಣುವಿಗಿಂತ ಹೆಚ್ಚಾಗಿ ದೇಹದ ಬಿಳಿ ರಕ್ತಕಣಗಳನ್ನೇ ಕೊಲ್ಲುತ್ತೆ ಅಂತ ಅಲ್ಲಿ ತೋರಿಸಿದರು.

1928ರ ಸೆಪ್ಟೆಂಬರ್‌ನಲ್ಲಿ ರಜೆ ಮುಗಿಸಿ ಬಂದಾಗ ಆ ತಟ್ಟೆ ಕಣ್ಣಿಗೆ ಬಿತ್ತು. ಬೂಷ್ಟಿನ ಸುತ್ತ ಬ್ಯಾಕ್ಟೀರಿಯಾ ಕರಗಿಹೋಗಿತ್ತು. ಮರುವರ್ಷ ಲೇಖನ ಬರೆದರು, ಆದರೆ ಔಷಧಿಯನ್ನು ಶುದ್ಧ ಮಾಡೋಕೆ ಆಗಲಿಲ್ಲ. ಆ ಕೆಲಸ ಮಾಡಿದ್ದು ಆಕ್ಸ್‌ಫರ್ಡ್‌ನ ಫ್ಲೋರಿ, ಚೈನ್ ಮತ್ತು ಹೀಟ್ಲಿ. ಹೀಟ್ಲಿ ಹೆಸರನ್ನು ಯಾರೂ ಹೇಳೋದೇ ಇಲ್ಲ, ನೊಬೆಲ್ಲೂ ಸಿಗಲಿಲ್ಲ. 1941ರಲ್ಲಿ ಅವರು ಸೋಂಕು ತಗುಲಿದ್ದ ಪೊಲೀಸ್ ಒಬ್ಬರಿಗೆ ಪೆನಿಸಿಲಿನ್ ಕೊಟ್ಟರು. ಜ್ವರ ಇಳಿಯಿತು, ಊಟ ಸೇರಿತು. ಔಷಧಿ ಸಾಲದೆ ರೋಗಿಯ ಮೂತ್ರದಿಂದಲೇ ಮತ್ತೆ ತೆಗೆದು ಕೊಟ್ಟರು. ಅದೂ ಖಾಲಿಯಾಯ್ತು. ಸೋಂಕು ಮರುಕಳಿಸಿ ಆತ ತೀರಿಕೊಂಡ.

1945ರಲ್ಲಿ ಫ್ಲೆಮಿಂಗ್, ಫ್ಲೋರಿ, ಚೈನ್ ಮೂವರಿಗೂ ನೊಬೆಲ್ ಬಂತು. ಖುಷಿಯ ಆ ಭಾಷಣದಲ್ಲೇ ಫ್ಲೆಮಿಂಗ್ ಒಂದು ಕಾಲ್ಪನಿಕ ಕಥೆ ಹೇಳಿದರು. ಗಂಟಲು ನೋವು ಬಂದವನೊಬ್ಬ ತಾನೇ ಪೆನಿಸಿಲಿನ್ ತಂದು ಅರೆಬರೆ ತಗೊಳ್ತಾನೆ. ಸಾಯದೆ ಉಳಿದ, ಔಷಧಿಗೆ ಒಗ್ಗಿದ ರೋಗಾಣು ಹೆಂಡತಿಗೆ ಅಂಟುತ್ತೆ. ಆಕೆಗೆ ಪೆನಿಸಿಲಿನ್ ನಾಟಲ್ಲ, ಸಾಯ್ತಾಳೆ. ಮೆಡಿಕಲ್ ಶಾಪಲ್ಲಿ ಚೀಟಿ ಇಲ್ಲದೆ ಎರಡು ಮಾತ್ರೆ ಕೇಳೋದನ್ನ ದಿನಾ ನೋಡುವ ನಮಗೆ ಆ ಗಂಡ ಅಪರಿಚಿತನೇನಲ್ಲ.

ಆಸ್ಪತ್ರೆಗಳಲ್ಲಿ ಆಗಿದ್ದು ಇನ್ನೂ ಬೇಗ. ಲಂಡನ್‌ನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಡಾ. ಮೇರಿ ಬಾರ್ಬರ್ ಲೆಕ್ಕ ಇಟ್ಟರು. 1946ರಲ್ಲಿ ಪೆನಿಸಿಲಿನ್‌ಗೆ ಬಗ್ಗದ ಸ್ಟಾಫ್ ಸುಮಾರು ಶೇ. 14 ಇತ್ತು, 1948ರ ಹೊತ್ತಿಗೆ ಶೇ. 59. ಪೆನಿಸಿಲಿನ್ ಅನ್ನೇ ಒಡೆದು ಹಾಕುವ ಕಿಣ್ವ ಕೆಲವು ತಳಿಗಳಲ್ಲಿ ಮೊದಲೇ ಇತ್ತು. ಉಳಿದವು ಸತ್ತಾಗ ಇವಕ್ಕೆ ಜಾಗ ಸಿಕ್ಕಿತು, ವಾರ್ಡಿನಲ್ಲಿ ಒಬ್ಬರಿಂದ ಒಬ್ಬರಿಗೆ ದಾಟಿದವು.

ಫ್ಲೆಮಿಂಗ್ 1955ರ ಮಾರ್ಚ್ 11ರಂದು ಹೃದಯಾಘಾತದಿಂದ ತೀರಿಕೊಂಡರು. ನಾಲ್ಕು ವರ್ಷದ ಮೇಲೆ ಆ ಕಿಣ್ವಕ್ಕೆ ಒಡೆಯದ ಮೆಥಿಸಿಲಿನ್ ಬಂತು. 1961ರಲ್ಲೇ ಇಂಗ್ಲೆಂಡಿನಲ್ಲಿ ಅದಕ್ಕೂ ಬಗ್ಗದ ಸ್ಟಾಫ್ ಸಿಕ್ಕಿತು. ಇವತ್ತು ಲ್ಯಾಬ್ ರಿಪೋರ್ಟಲ್ಲಿ ಎಂಆರ್‌ಎಸ್‌ಎ ಅಂತ ಬರೆಯೋದು ಅದನ್ನೇ.